ಮೂರನೆಯ ಕಲ್ಲು

"ಮುಟ್ಬೇಡ ಚಲಪತಣ್ಣ, ಅದೀಗ ಕಲ್ಲಲ್ಲ," ಎಂದಳು ಪಾಪಮ್ಮ.

ಬಗ್ಗಿದ್ದ ಚಲಪತಿ ಬಗ್ಗಿದಂತೆಯೇ ನಿಂತುಬಿಟ್ಟ. ಅವನ ಎರಡು ಕೈಗಳೂ ಕಲ್ಲಿನ ಎರಡು ಮಗ್ಗುಲಿಗೆ ಹೋಗಿದ್ದವು, ಇನ್ನೂ ತಾಗಿರಲಿಲ್ಲ. ಬೆಳಗಿನ ಮಂಜು ರಸ್ತೆಯ ಮೇಲಿಂದ ಪೂರ್ತಿ ಎದ್ದಿರಲಿಲ್ಲ. ಪಕ್ಕದ ಹೊಲದಲ್ಲಿ ಕೊಯ್ದು ಹಾಕಿದ್ದ ರಾಗಿಯ ಮೇಲೆಲ್ಲ ಹನಿ ಕೂತಿತ್ತು. ಅವನ ಮೂಗಿನ ಕೆಳಗೆ, ತಾನೇ ಕೈಯಾರೆ ಆರಿಸಿ ತಂದಿದ್ದ ಕುಂಬಳಕಾಯಿ ಗಾತ್ರದ ಕಗ್ಗಲ್ಲು ಮೈತುಂಬ ಅರಿಶಿನ ಹಚ್ಚಿಸಿಕೊಂಡು, ನೆತ್ತಿಗೆ ಕುಂಕುಮ ಇಡಿಸಿಕೊಂಡು, ಎರಡು ಚೆಂಡುಹೂ ಏರಿಸಿಕೊಂಡು ಕೂತಿತ್ತು. ಸೊಂಟ ನೇರ ಮಾಡಬೇಕಿತ್ತು. ಮಾಡಿದರೆ ಏನಾದರೂ ಮಾತಾಡಬೇಕಾಗುತ್ತದಲ್ಲ ಎನ್ನಿಸಿ ಇನ್ನೊಂದು ಗಳಿಗೆ ಹಾಗೆಯೇ ಇದ್ದ.

"ಅಕ್ಕಯಮ್ಮ ನಿನ್ನೆ ಮುಸ್ಸಂಜೇಲಿ ಬಂದು, ಚೆನ್ನಾಗಿ ತೊಳ್ದು, ಪೂಜೆ ಮಾಡಿ ಹೋಗವ್ಳೆ," ಪಾಪಮ್ಮ ಟವೆಲ್ಲನ್ನು ಸಿಂಬಿ ಸುತ್ತುತ್ತ ಹೇಳಿದಳು. "ಈ ಕಲ್ಲು ಅಡ್ಡ ಸಿಗ್ಲಿಲ್ಲ ಅಂದಿದ್ರೆ ಅವಳ ಮಗ ಗಾಡಿ ಸಮೇತ ಸೀದಾ ಮೋರಿ ಗುಂಡಿಗೇ ಹೋಗ್ತಿದ್ನಂತೆ. ಕಲ್ಲೇ ತಡೀತಂತೆ."

"ತೊಳ್ದು?" ಎಂದ ಚಲಪತಿ.

"ಮತ್ತೆ? ತೊಳೀದೆ ಯಾರಾದ್ರೂ ಅರಿಶಿನ ಹಚ್ತಾರಾ?"

ಟ್ರಾಕ್ಟರಿನ ಮೇಲೆ ಕೂತಿದ್ದ ದೇವರಾಜ ಗಂಟಲು ಸರಿಮಾಡಿಕೊಂಡ. "ಪಕ್ಕದಲ್ಲೊಂದು ಹುಂಡಿ ಇಟ್ಬಿಡು ಗುರು. ಮುಂದಿನ ವರ್ಷದ ಗ್ರಾವಲ್‌ಗೆ ಪಂಚಾಯ್ತಿ ಬಾಗ್ಲು ಕಾಯೋದಾದ್ರೂ ತಪ್ತದೆ."

ಕೆಲಸಕ್ಕೆ ಬಂದಿದ್ದವರೆಲ್ಲ ನಕ್ಕರು. ಚಲಪತಿಯೂ ನಕ್ಕ. ತಾನು ನಕ್ಕಿದ್ದು ತನಗೇ ಬೇರೆಯವರ ನಗುವಿನಂತೆ ಕೇಳಿಸಿತು.

ಮಾಚನಪಾಳ್ಯದಿಂದ ಹೊರಟು ದಾಬಸ್‌ಪೇಟೆಯ ಡಾಂಬರು ರಸ್ತೆಗೆ ಸೇರುವ ಈ ಗ್ರಾವಲ್ ರಸ್ತೆಗೆ ವರ್ಷಕ್ಕೊಮ್ಮೆ, ಮಳೆ ನಿಂತ ಮೇಲೆ, ಮತ್ತೆ ಜೀವ ಬರಿಸಬೇಕು. ನೀರು ಕೊರೆದ ಜಾಡುಗಳನ್ನು ಕೆದಕಿ ಮಟ್ಟ ಮಾಡಿ, ಚರಂಡಿಯ ಹುಲ್ಲು ಕೆತ್ತಿ, ಮೋರಿಯ ಬಾಯಿ ಬಿಡಿಸಿ, ಮೇಲೆ ಹೊಸ ಗ್ರಾವಲ್ ಹರಡಿ, ನೀರು ಹೊಡೆದು, ರೋಲರ್ ಓಡಿಸಬೇಕು. ರೋಲರ್ ಬಾಡಿಗೆಯದು; ಒಂದು ಸಲ ಹೋಗಿ ಒಂದು ಸಲ ಬಂದು, ಅಷ್ಟರಲ್ಲೇ ಇನ್ನೊಂದು ಊರಿಗೆ ಹೊರಟುನಿಲ್ಲುತ್ತದೆ. ಮಿಕ್ಕಿದ್ದನ್ನು ಗಟ್ಟಿ ಮಾಡಬೇಕಾದ್ದು ಓಡಾಡುವ ಗಾಡಿಗಳ ಚಕ್ರಗಳೇ. ಆದರೆ ಚಕ್ರಗಳಿಗೆ ಒಂದು ಗುಣವಿದೆ, ಮುಂದೆ ಹೋದವನು ತುಳಿದ ಕಡೆಯೇ ಹಿಂದೆ ಬರುವವನೂ ತುಳಿಯುತ್ತಾನೆ. ಹಾಗೇ ಬಿಟ್ಟರೆ ಹೊಸ ರಸ್ತೆಯಲ್ಲಿ ಎರಡು ಗೆರೆ ಮೂಡಿ, ಗೆರೆ ಜಾಡಾಗಿ, ಮುಂದಿನ ಮಳೆಗೆ ಜಾಡೇ ಕಾಲುವೆಯಾಗುತ್ತದೆ. ಅದಕ್ಕೇ ಕಲ್ಲು. ಜಾಡು ಬೀಳುವ ಕಡೆ ಒಂದಿಷ್ಟು ಅಂತರ ಬಿಟ್ಟು ಮೂರು ಕಲ್ಲಿಟ್ಟರೆ ಗಾಡಿಯವನು ಅವನ್ನು ತಪ್ಪಿಸಲಿಕ್ಕಾದರೂ ತುಳಿಯದ ಕಡೆ ಹೋಗುತ್ತಾನೆ. ಪ್ರತಿ ಸಂಜೆ ಕಲ್ಲುಗಳನ್ನು ಈ ಮಗ್ಗುಲಿಂದ ಆ ಮಗ್ಗುಲಿಗೆ ಬದಲಿಸಬೇಕು. ಒಲೆಯ ಮೇಲೆ ರೊಟ್ಟಿ ಮಗುಚಿದ ಹಾಗೆ ಕಣೋ, ಎನ್ನುತ್ತಿದ್ದ ಚಲಪತಿಯ ಅಪ್ಪ, ಖಾಕಿ ಚಡ್ಡಿ ಹಾಕಿಕೊಂಡು ರಸ್ತೆ ಗ್ಯಾಂಗಿನಲ್ಲಿ ಜೀವ ಸವೆಸಿದವನು. ಬದಲಿಸಿದ ಮೇಲೆ, ಕತ್ತಲಲ್ಲಿ ಕಾಣುವಂತೆ, ಮೂರಕ್ಕೂ ಸುಣ್ಣ ಬಳಿಯಬೇಕು. ಎತ್ತಿನ ಗಾಡಿಯ ಕಾಲದ ಈ ಪದ್ಧತಿ ಸುತ್ತಮುತ್ತ ಎಲ್ಲೂ ಉಳಿದಿರಲಿಲ್ಲ. ಸರ್ಕಾರದ ಕಾಗದದಲ್ಲಿ ಕಾಯಕಬಂಧು, ಜನರ ಬಾಯಲ್ಲಿ ಮೇಸ್ತ್ರಿಯಾದ ಚಲಪತಿ ಒಬ್ಬ ಬಿಡದೆ ನಡೆಸಿಕೊಂಡು ಬಂದಿದ್ದ, ಊರಿನವರು ಅದಕ್ಕೆ ಚಲಪತಿಯ ಕಲ್ಲುಹುಚ್ಚು ಎಂದು ಹೆಸರಿಟ್ಟಿದ್ದರು. ಡಾಂಬರು ರಸ್ತೆಯ ಮೇಲೆ ಹುರುಳಿ ಹರಡಿ ಬಸ್ಸಿನ ಚಕ್ರದಲ್ಲಿ ಒಕ್ಕಣೆ ಮಾಡಿಸುವವರನ್ನು ಯಾರೂ ಒಂದು ಮಾತು ಅನ್ನುವುದಿಲ್ಲ. ಅವನ ಕಲ್ಲನ್ನು ಮಾತ್ರ ಬೈದು, ಕಾಲಲ್ಲಿ ಒದ್ದು, ಚರಂಡಿಗೆ ಉರುಳಿಸಿ ಹೋಗುತ್ತಾರೆ. ಬೆಳಿಗ್ಗೆ ಚರಂಡಿಗೆ ಇಳಿದು ಅವನ್ನು ಮತ್ತೆ ಹೊತ್ತು ತರುವುದೇ ಅವನ ದಿನದ ಮೊದಲ ಕೆಲಸ.

ಇವತ್ತು ಹೊತ್ತು ತರುವ ಕೆಲಸವಿರಲಿಲ್ಲ. ಮೊದಲನೆಯದು, ಎರಡನೆಯದು, ಎರಡೂ ಇಟ್ಟಲ್ಲೇ ಇದ್ದವು, ಮೊನ್ನೆ ಬಳಿದ ಸುಣ್ಣ ಮಂಜಿಗೆ ಒದ್ದೆಯಾಗಿ ಬೂದುಬಣ್ಣಕ್ಕೆ ತಿರುಗಿತ್ತು. ಮೋರಿಗೆ ಹತ್ತಿರವಿದ್ದ ಮೂರನೆಯದು ದೇವರಾಗಿತ್ತು. ಅದರ ಮೇಲೆ ಸುಣ್ಣವಿತ್ತೋ ಇಲ್ಲವೋ ನೋಡಿಬಿಡೋಣ ಎಂದೇ ಅವನು ರಾತ್ರಿಯೆಲ್ಲ ಮಗ್ಗುಲು ಬದಲಿಸಿ, ಕೋಳಿ ಕೂಗುವ ಮುಂಚೆ ಎದ್ದು, ಎಲ್ಲರಿಗಿಂತ ಮೊದಲು ಬರಬೇಕೆಂದುಕೊಂಡು, ಕೊನೆಗೆ ಧೈರ್ಯ ಸಾಲದೆ ಎಲ್ಲರ ಜೊತೆಯಲ್ಲೇ ಬಂದಿದ್ದ. ತೊಳೆದುಬಿಟ್ಟಿದ್ದಾಳೆ. ಆ ಮಾತು ಅವನ ಕಿವಿಯೊಳಗೆ ಹೊಕ್ಕು ಕೂತಿತು. ಒಂದು ಗಳಿಗೆ ಹಗುರವೂ ಅನ್ನಿಸಿತು. ಆ ಹಗುರಕ್ಕೆ ನಾಚಿಕೆಯಾಗಿ, ಗುದ್ದಲಿ ತೆಗೆದುಕೊಂಡು ಚರಂಡಿಗೆ ಇಳಿದ.

ಮೊನ್ನೆ ಸಂಜೆ ಏನಾಯಿತೆಂದರೆ, ಕಲ್ಲುಗಳನ್ನು ಬಲಮಗ್ಗುಲಿಗೆ ಬದಲಿಸಿ, ಮೊದಲನೆಯದಕ್ಕೆ ಸುಣ್ಣ ಬಳಿದ, ಎರಡನೆಯದಕ್ಕೂ ಬಳಿದ, ಅಷ್ಟರಲ್ಲಿ ಫೋನು ಬಂತು. ಪಂಚಾಯ್ತಿಯ ಇಂಜಿನಿಯರು. ನಾಳೆ ನೆಲಮಂಗಲದಲ್ಲಿ ಕಾಯಕಬಂಧುಗಳಿಗೆ ತರಬೇತಿ, ಬರಲೇಬೇಕು, ಹೋದ ಸಲ ನೀನು ಬರಲಿಲ್ಲ ಎಂದು ನನಗೆ ಬೈಸಿದೆ, ಇವತ್ತಿನ ಕೆಲಸದ ಫೋಟೋ ಯಾಕೆ ಇನ್ನೂ ಹಾಕಿಲ್ಲ. ಚಲಪತಿ ಒಂದು ಕೈಯಲ್ಲಿ ಕುಂಚ, ಒಂದು ಕೈಯಲ್ಲಿ ಫೋನು ಹಿಡಿದು, ಯಾರೂ ಇಲ್ಲದ ರಸ್ತೆಯಲ್ಲಿ ಸೊಂಟ ಬಗ್ಗಿಸಿಕೊಂಡು, ಸಾರ್ ಸಾರ್ ಎನ್ನುತ್ತ ನಿಂತಿದ್ದ. ಅಲ್ಲಿಯವರೆಗೂ ನೆನಪು ಹೊಸ ಗ್ರಾವಲ್‌ನಷ್ಟೇ ಸ್ಪಷ್ಟ. ಆಮೇಲೆ ಸುಣ್ಣದ ಡಬ್ಬಿಯ ಮುಚ್ಚಳ ಒತ್ತಿದ್ದು ನೆನಪಿದೆ. ಕುಂಚದ ಒದ್ದೆ ಬೆರಳಿಗೆ ಹತ್ತಿ ಉರಿದದ್ದು ನೆನಪಿದೆ. ಮೂರನೆಯ ಕಲ್ಲಿನ ಮುಂದೆ ಕುಕ್ಕರುಗಾಲಲ್ಲಿ ಕೂತದ್ದೂ ನೆನಪಿದೆ, ಎಡ ಮೊಣಕಾಲು ಚಳುಕು ಹೊಡೆದದ್ದೂ. ಆದರೆ ಅದು ಮೊನ್ನೆಯ ಚಳುಕೋ, ಅದರ ಹಿಂದಿನ ದಿನದ್ದೋ? ದಿನವೂ ಅದೇ ಕಲ್ಲು, ಅದೇ ಡಬ್ಬಿ, ಅದೇ ಮೊಣಕಾಲು. ಒಂದು ಸಂಜೆಯ ಮೇಲೆ ಇನ್ನೊಂದು ಸಂಜೆ ಕೂತು, ಕೆಳಗಿನದು ಯಾವುದು ಮೇಲಿನದು ಯಾವುದು ಬಿಡಿಸಲಾಗದ ಹಾಗೆ ಅಂಟಿಕೊಂಡಿದ್ದವು. ಬಳಿದೆ ಎಂದುಕೊಂಡರೆ ಬಳಿದ ಹಾಗೆ ಕಾಣಿಸುತ್ತಿತ್ತು. ಬಳಿಯಲಿಲ್ಲ ಎಂದುಕೊಂಡರೆ, ಡಬ್ಬಿಯನ್ನು ಮೋರಿಯ ಸಂದಿಯಲ್ಲಿಟ್ಟು ಫೋಟೋ ಹಾಕಲು ಸಿಗ್ನಲ್ ಹುಡುಕುತ್ತ ದಿಣ್ಣೆ ಏರುವ ತನ್ನ ಬೆನ್ನೇ ಕಾಣಿಸುತ್ತಿತ್ತು. ಬೆನ್ನನ್ನು ತಾನು ಹೇಗೆ ಕಂಡೆ?

ಮಾರನೆಯ ದಿನ, ಅಂದರೆ ನಿನ್ನೆ, ಅವನು ಮುಂಜಾನೆಯೇ ಬೇರೆ ದಾರಿಯಲ್ಲಿ ನೆಲಮಂಗಲಕ್ಕೆ ಹೋಗಿಬಿಟ್ಟ. ಫ್ಯಾನು ತಿರುಗುವ ಹಾಲಿನಲ್ಲಿ ಪ್ಲಾಸ್ಟಿಕ್ ಕುರ್ಚಿ, ಗೋಡೆಯ ಮೇಲೆ ಬಣ್ಣದ ಚಿತ್ರಗಳು. ಕತ್ತಲು ಮಾಡಿದ್ದರಿಂದ ಅವನಿಗೆ ಜೊಂಪು ಹತ್ತಿತು. ಒಂದು ಬಿಳಿಯ ಚಿತ್ರ ಫಕ್ಕನೆ ಕಣ್ಣಿಗೆ ಬಡಿದು ಎಚ್ಚರವಾದಾಗ, ಪಾಠ ಹೇಳಲು ಬಂದಿದ್ದ ಎಳೆ ಮುಖದ ಸಾರು ಅವನನ್ನೇ ಬೊಟ್ಟು ಮಾಡುತ್ತಿದ್ದ. "ನೀವು, ನೀಲಿ ಷರಟಿನವರು. ಕೆಲಸ ನಡೀವಾಗ ರಾತ್ರಿ ವೇಳೆ ಸುರಕ್ಷತೆಗೆ ಏನ್ ಮಾಡ್ತೀರಿ?" ಚಲಪತಿ ಎದ್ದುನಿಂತು, "ಸುಣ್ಣ ಹೊಡೀತೀವಿ ಸಾರ್," ಎಂದ. "ಎಲ್ಲಿಗೆ, ಮನೆಗಾ?" ಎಂದ ಆ ಸಾರು. ಹಾಲಿಗೆ ಹಾಲೇ ನಕ್ಕಿತು. ಅವನಿಗೆ ಕೂರಬೇಕೋ ನಿಂತೇ ಇರಬೇಕೋ ತಿಳಿಯಲಿಲ್ಲ. ಆ ನಗುವಿನ ಹೊತ್ತಿಗೆ ಅಕ್ಕಯಮ್ಮನ ಮಗ ಉಮಾಶಂಕರನ ಕೈಗೆ ಆಸ್ಪತ್ರೆಯಲ್ಲಿ ಪಟ್ಟಿ ಸುತ್ತುತ್ತಿದ್ದರಂತೆ. ಅದನ್ನು ರಾತ್ರಿ ಊಟಕ್ಕೆ ಕೂತಾಗ ಹೆಂಡತಿ ಮುನಿಲಕ್ಷ್ಮಮ್ಮ ಹೇಳಿದಳು. ಹುಡುಗ ರಾತ್ರಿ ಪಾಳಿ ಮುಗಿಸಿಕೊಂಡು ಬರುವಾಗ, ಬೆಳಕು ಹರಿಯುವ ಮುಂಚೆ, ಮೋರಿ ಹತ್ತಿರ ಗಾಡಿಯಿಂದ ಬಿದ್ದನಂತೆ. ಬಲ ಮುಂಗೈ ಮುರಿದಿದೆ, ಹೆಗಲ ಮೂಳೆಯೂ. ನಾಯಿ ಅಡ್ಡ ಬಂತಂತೆ. ಚಲಪತಿ ಮುದ್ದೆ ಮುರಿದವನು ನುಂಗುವುದನ್ನು ಮರೆತು, "ಯಾವ ಕಲ್ಲಿನ ಹತ್ರ?" ಎಂದ. "ಕಲ್ಲಲ್ಲ, ನಾಯಿ ಅಂದ್ನಲ್ಲ," ಎಂದಳು ಅವಳು.

ಬೇರೆ ಯಾರಾಗಿದ್ದರೂ ಇಷ್ಟು ಕೊರೆಯುತ್ತಿರಲಿಲ್ಲವೇನೋ. ಊರಿನಲ್ಲಿ ಕಲ್ಲನ್ನು ಒದೆಯದೆ ಇದ್ದವನು ಉಮಾಶಂಕರ ಒಬ್ಬನೇ. ದಾಬಸ್‌ಪೇಟೆಯ ಗೋದಾಮೊಂದರಲ್ಲಿ ಪೆಟ್ಟಿಗೆ ಎತ್ತಿ ಜೋಡಿಸುವ ಕೆಲಸ ಅವನದು. ಸಂಜೆ ಕೆಲಸಕ್ಕೆ ಹೋಗುವಾಗ ಗಾಡಿ ನಿಧಾನ ಮಾಡಿ, "ಅಣ್ಣೋ, ಇವತ್ತು ಯಾವ ಮಗ್ಗುಲು? ಎಡಾನಾ, ಬಲಾನಾ?" ಎಂದು ಕೂಗಿ ಕೇಳುತ್ತಿದ್ದ. ಚಲಪತಿ ಕೈ ತೋರಿಸುತ್ತಿದ್ದ. ಅವನು ಸರ್ಕಸ್ಸಿನವನಂತೆ ಹಾವು ಹರಿದ ಹಾಗೆ ಮೂರು ಕಲ್ಲನ್ನೂ ಸುತ್ತಿ, ಹಾರ್ನ್ ಹೊಡೆದು ಹೋಗುತ್ತಿದ್ದ. ತನ್ನ ಹುಚ್ಚಿಗೆ ಲೋಕದಲ್ಲಿ ಒಬ್ಬನಾದರೂ ಮರ್ಯಾದೆ ಕೊಡುತ್ತಾನಲ್ಲ ಎಂದು ಆ ಹಾರ್ನಿಗಾಗಿ ಚಲಪತಿ ಕಾಯುತ್ತಿದ್ದ. ಅದನ್ನು ಯಾರಿಗೂ ಹೇಳಿರಲಿಲ್ಲ. ಈಗ ಆ ಹುಡುಗನ ಕೈ. ಪೆಟ್ಟಿಗೆ ಎತ್ತುವ ಕೈ. ಕಂಟ್ರಾಕ್ಟಿನ ಕೆಲಸ, ಕೈ ಕೂಡುವವರೆಗೂ ಅವನ ಜಾಗವನ್ನು ಯಾರು ಇಟ್ಟುಕೊಂಡು ಕೂರುತ್ತಾರೆ?

"ಮೇಸ್ತ್ರಿಗೆ ಇವತ್ತು ಮೈಮೇಲೆ ಬಂದೈತೆ," ಪಾಪಮ್ಮ ಬಾಂಡ್ಲಿ ಎತ್ತಿ ನಿಂತು ಹೇಳಿದಳು. "ಅಣ್ಣ, ನೀನು ತೋಡ್ತಿರೋದು ಚರಂಡೀನಾ, ಬಾವೀನಾ?"

ನೋಡಿದರೆ ಗುದ್ದಲಿ ಬೇಕಾದ್ದಕ್ಕಿಂತ ಆಳ ಹೋಗಿತ್ತು. ಚಲಪತಿ ಕಾಲಲ್ಲಿ ಮಣ್ಣು ನೂಕಿ ಮುಚ್ಚಿದ.

"ಸಂಜೆ ಆ ಕಲ್ಲು ಬದಲಿಸ್ಬೇಕಲ್ಲ ಪಾಪಮ್ಮ," ಎಂದ, ತಗ್ಗಿದ ದನಿಯಲ್ಲಿ. "ಅಲ್ಲೇ ಬಿಟ್ರೆ ಎಡಕ್ಕೆ ಜಾಡು ಬೀಳ್ತದೆ. ಕತ್ತಲಲ್ಲಿ ಇನ್ಯಾರಾದ್ರೂ..."

"ನಾನಂತೂ ಮುಟ್ಟಲ್ಲಪ್ಪ. ಮನೇಲಿ ಮೊಮ್ಮಗು ಐತೆ."

"ನನ್ನ ಕಡೆ ನೋಡ್ಬೇಡ," ಎಂದ ದೇವರಾಜ, ಯಾರೂ ಕೇಳುವ ಮೊದಲೇ. "ಟ್ರಾಕ್ಟರ್ ಸಾಲ ಇನ್ನೂ ತೀರಿಲ್ಲ. ದೇವ್ರ ಜೊತೆ ಜಗಳ ಆಡೋ ಟೈಮ್ ಅಲ್ಲ ಇದು."

ಬಿಸಿಲೇರಿದಂತೆ ಚಲಪತಿ ಚರಂಡಿಯಿಂದಲೇ ಕದ್ದು ನೋಡುತ್ತಿದ್ದ. ವಿಚಿತ್ರವೆಂದರೆ, ಕಲ್ಲು ಇಷ್ಟು ವರ್ಷ ಕೈಲಾಗದ್ದನ್ನು ಇವತ್ತು ಮಾಡುತ್ತಿತ್ತು. ಡೇರಿಯ ಹಾಲಿನ ವ್ಯಾನಿನವನು, ಅವನಿಗೆ ಬೈಯುವುದಕ್ಕೇ ಬಾಯಿ ಬಂದಿದೆ ಎನ್ನುವಂಥವನು, ದೂರದಲ್ಲೇ ವೇಗ ಇಳಿಸಿ, ಹಾಡು ನಿಲ್ಲಿಸಿ, ಗಾಡಿಯನ್ನು ಪೂರ್ತಿ ಎಡಕ್ಕೆ ತೆಗೆದುಕೊಂಡು, ಬೆರಳಲ್ಲಿ ಕಣ್ಣಿಗೊತ್ತಿಕೊಂಡು ಹೋದ. ತೋಟದ ಮನೆಯವರ ಕಾರು ಸುತ್ತಿ ಹೋಯಿತು. ಚಕ್ರಗಳು ಯಾರೂ ತುಳಿಯದ ಗ್ರಾವಲ್ ಮೇಲೆ ಹೋಗುವ ಆ ಚರಚರ ಸದ್ದು ಅವನಿಗೆ ಇಷ್ಟವಾದದ್ದು. ಇವತ್ತು ಕೇಳಿದಾಗೆಲ್ಲ ಹಲ್ಲು ಜುಂ ಎಂದಿತು. ಅಪ್ಪನ ಕಾಲದಲ್ಲಿ ಒಬ್ಬ ಲಾರಿಯವನು ಗಾಡಿ ನಿಲ್ಲಿಸಿ ಇಳಿದು, ಇವನ್ನು ರಸ್ತೆ ಮೇಲೆ ಇಟ್ಟ ದನ ಯಾವುದೋ ಎಂದು ಕೇಳಿದ್ದ. ಅಪ್ಪ ಕೈ ಎತ್ತಿದ್ದ, ಇಸ್ಕೂಲಿನಲ್ಲಿ ಹಾಜರಿ ಹೇಳುವವರ ಹಾಗೆ. ನಾನೇ ಸ್ವಾಮಿ. ಎಷ್ಟು ಸುಲಭವಾಗಿ ಎತ್ತಿದ್ದ ಆ ಕೈಯನ್ನು. ಅಪ್ಪನಿಗೆ ತಾನು ಸುಣ್ಣ ಬಳಿದದ್ದು ಗೊತ್ತಿತ್ತು, ಅದಕ್ಕೇ.

ಮಧ್ಯಾಹ್ನ ಮುನಿಲಕ್ಷ್ಮಮ್ಮ ಫೋನು ಮಾಡಿದಳು. "ಸಂಜೆ ಆ ಹುಡುಗನ್ನ ನೋಡ್ಕೊಂಡು ಬನ್ನಿ. ಊರೆಲ್ಲ ಹೋಗಿ ಬಂದೈತೆ. ಬರಿಗೈಲಿ ಹೋಗ್ಬೇಡಿ ಮತ್ತೆ, ಬ್ರೆಡ್ಡು, ಎರಡು ಮೂಸಂಬಿ ಏನಾದ್ರೂ ತಗೊಳ್ಳಿ. ಹೋಗಿ ಸುಮ್ನೆ ಕಂಬದಂಗೆ ಕೂತ್ಕೋಬೇಡಿ, ನಾಲ್ಕು ಮಾತಾಡಿ."

"ಏನ್ ಮಾತಾಡ್ಲಿ?"

"ಏನ್ ಮಾತಾಡ್ತಾರೆ? ಹೆಂಗೈತೆ ಕೈ ಅನ್ನೋದು. ಅದನ್ನೂ ನಾನೇ ಬಂದು ಹೇಳ್ಕೊಡ್ಲಾ?"

ಅಕ್ಕಯಮ್ಮನ ಮನೆ ಊರ ಕೊನೆಯಲ್ಲಿ. ಅಂಗಳದಲ್ಲಿ ಕಟ್ಟಿದ್ದ ಕುರಿಗಳು ಬ್ರೆಡ್ಡಿನ ಕವರಿನ ಸದ್ದಿಗೆ ತಲೆ ಎತ್ತಿದವು. ಹೊಸ್ತಿಲ ಮುಂದೆ ಸಿಮೆಂಟಿನ ಮೇಲೆ ಅಗಲವಾದ ಕೆಂಪು ಕಲೆ. ಚಲಪತಿ ಎತ್ತಿದ ಕಾಲನ್ನು ಹಿಂದಕ್ಕೆ ತೆಗೆದುಕೊಂಡ. ಆಮೇಲೆ ಹೊಳೆಯಿತು, ಮಗನನ್ನು ಆಸ್ಪತ್ರೆಯಿಂದ ಒಳಗೆ ಕರೆದುಕೊಳ್ಳುವಾಗ ನಿವಾಳಿಸಿ ಚೆಲ್ಲಿದ ಓಕುಳಿ ನೀರು. ಅರಿಶಿನದ ನೀರಿಗೆ ಒಂದು ಚಿಟಿಕೆ ಸುಣ್ಣ ಬಿದ್ದರೆ ಹೀಗೆಯೇ ರಕ್ತದ ಬಣ್ಣ ಬರುತ್ತದೆ. ತನ್ನ ಮದುವೆಯಲ್ಲೂ ಇದನ್ನೇ ಎತ್ತಿದ್ದರು. ಕಲೆ ತುಳಿಯದಂತೆ ಕಾಲು ಅಗಲ ಮಾಡಿ ದಾಟಿದ.

"ಬಾ ಅಣ್ಣ, ಕೂತ್ಕೊ," ಎಂದ ಉಮಾಶಂಕರ, ಮಂಚದ ಮೇಲಿಂದ. ಬಲಗೈ ಬಿಳಿಯ ಪಟ್ಟಿಯಲ್ಲಿ ಎದೆಯ ಮೇಲಿತ್ತು. ಗಲ್ಲದ ಒಂದು ಕಡೆ ಸಿಪ್ಪೆ ಸುಲಿದ ಹಾಗೆ ತರಚಿತ್ತು, ಅಲ್ಲಿ ಹೊಸ ಗ್ರಾವಲ್‌ನ ಸಣ್ಣ ಸಣ್ಣ ಗುರುತುಗಳು. ಚಲಪತಿ ಅವುಗಳಿಂದ ಕಣ್ಣು ಕೀಳಲಾರದೆ ಹೋದ.

"ಹೆಂಗೈತಪ್ಪ ಕೈ?"

"ಕೈಗೇನು, ಆರಾಮಾಗಿ ಮಲಗೈತೆ. ನನ್ ಕಷ್ಟ ಕೇಳು. ಎಡಗೈಲಿ ಮುದ್ದೆ ಮುರಿಯಾಕೆ ಬರಲ್ಲ. ಅವ್ವ ತಿನ್ನಿಸ್ತಾಳೆ. ಈ ವಯಸ್ಸಲ್ಲಿ ಆ ಅನ್ನು, ಆ ಅನ್ನು ಅನ್ನಿಸ್ಕೊಂಡು."

"ಯಾರು, ಚಲಪತೀನಾ?" ಅಕ್ಕಯಮ್ಮ ಒಳಗಿನಿಂದ ಸೆರಗಿಗೆ ಕೈ ಒರೆಸುತ್ತ ಬಂದಳು. ಸಣ್ಣ ಹೆಂಗಸು, ಮಾತು ಮಾತ್ರ ಇಬ್ಬರಿಗಾಗುವಷ್ಟು. "ಬಂದ್ಯಾ ನನ್ನಪ್ಪ. ನಾನೇ ಬರೋಣ ಅಂತಿದ್ದೆ. ನೀನಿಟ್ಟ ಕಲ್ಲು ಕಣೋ ನನ್ ಮಗನ್ನ ಉಳಿಸಿದ್ದು. ಗಾಡಿ ಅದಕ್ಕೆ ತಗುಲ್ಕೊಂಡು ನಿಂತಿತ್ತಂತೆ, ಇಲ್ದಿದ್ರೆ ಮೋರಿ ಗುಂಡೀಲಿ ತಲೆ ಕೆಳಗಾಗಿ ಬೀಳ್ತಿದ್ದ. ಊರೋರೆಲ್ಲ ನಿನ್ ಕಲ್ಲಿಗೆ ಬೈಯೋರು. ನಾನೂ ಬೈದಿದ್ದೀನಿ, ಸುಳ್ಳು ಯಾಕೆ ಹೇಳ್ಲಿ. ಹೋದ ವಾರ ಎಡವಿ ಉಗುರು ಕಿತ್ತೋಗಿತ್ತು ನೋಡು, ನಿಮ್ಮಪ್ಪಂಗೂ ಸೇರಿಸಿ ಬೈದಿದ್ದೆ."

"ದೊಡ್ಡಮ್ಮ, ಆ ಕಲ್ಲು..." ಎಂದ ಚಲಪತಿ.

"ಕಾಫಿ ಕುಡೀತೀಯ ತಾನೆ? ಸಕ್ಕರೆ ಜಾಸ್ತಿ ಹಾಕ್ತೀನಿ. ಮುಖ ನೋಡು ಹೆಂಗಾಗೈತೆ, ನೀನು ಬಿದ್ದಂಗೈತೆ." ಅವಳು ಒಳಗೆ ಹೋದಳು. ಲೋಟದಲ್ಲಿ ಕಾಫಿ ತಂದುಕೊಟ್ಟು, ಅವನು ಒಂದು ಗುಟುಕು ಕುಡಿಯುವವರೆಗೂ ನಿಂತು ನೋಡಿ, ಕುರಿಗೆ ಸೊಪ್ಪು ಹಾಕಲು ಹೊರಗೆ ಹೋದಳು. ಕಾಫಿ ಪಾಯಸದಂತಿತ್ತು. ಇಂಥ ಕಾಫಿಯನ್ನು ಅವಳು ಬೀಗರಿಗೆ ಮಾತ್ರ ಕೊಡುತ್ತಾಳೆ. ಅವನಿಗೆ ಒಂದೊಂದು ಗುಟುಕೂ ಕದ್ದು ಕುಡಿದ ಹಾಗಿತ್ತು.

ಟಿವಿಯಲ್ಲಿ ದನಿಯಿಲ್ಲದೆ ಯಾರೋ ಅಳುತ್ತಿದ್ದರು. ಇಬ್ಬರೂ ಅದನ್ನೇ ನೋಡಿದರು.

"ನಾಯಿ ಅಡ್ಡ ಬಂತಂತಲ್ಲ," ಎಂದ ಚಲಪತಿ ಕೊನೆಗೆ.

ಉಮಾಶಂಕರ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. "ನಾಯಿ ಇರ್ಲಿಲ್ಲ ಅಣ್ಣ."

ಚಲಪತಿಯ ಲೋಟ ಓರೆಯಾಗಿ ಕಾಫಿ ಪಂಚೆಯ ಮೇಲೆ ಚೆಲ್ಲಿತು.

"ಕಣ್ಣು ಹತ್ಬಿಟ್ಟಿತ್ತು," ಎಂದ ಉಮಾಶಂಕರ. "ಜೊತೆಯವ್ನು ರಜ ಹಾಕಿದ್ದ, ಅವನ ಪಾಳೀನೂ ನಾನೇ ಮಾಡ್ದೆ. ಡಾಂಬರ್ ರೋಡಲ್ಲಿ ಲಾರಿಗಳ ಭಯಕ್ಕೆ ಎಚ್ಚರವಾಗೇ ಇದ್ದೆ. ನಮ್ಮೂರ್ ರೋಡಿಗೆ ತಿರುಗಿದ್ನೋ ಇಲ್ವೋ, ಮನೆ ಬಂತು ಅನ್ನಿಸ್ಬಿಡ್ತು. ಅಷ್ಟು ನುಣ್ಣಗೆ ಮಾಡಿದ್ದೆ ನೀನು. ಹಳೇ ಹಳ್ಳ ದಿಣ್ಣೆ ಇದ್ದಿದ್ರೆ ಎಗರಿ ಎಗರಿ ಎಚ್ಚರ ಆಗ್ತಿತ್ತೇನೋ." ಅವನು ನಗಲು ಹೋಗಿ, ಹೆಗಲು ನೊಂದು, ಅರ್ಧಕ್ಕೆ ನಿಲ್ಲಿಸಿದ. "ಅವ್ವಂಗೆ ಹೇಳ್ಬೇಡ. ನಿದ್ದೆ ಅಂದ್ರೆ ರಾತ್ರಿ ಪಾಳಿಗೇ ಕಳ್ಸಲ್ಲ."

"ಹಂಗಾದ್ರೆ ಕಲ್ಲು..."

"ಕಲ್ಲು ಎಲ್ಲಿ ನೋಡ್ದೆ ನಾನು? ಬಿದ್ಮೇಲೆ ನೋಡಿದ್ದು."

"ಬಿದ್ಮೇಲೆ ನೋಡಿದ್ಯಾ? ಹೆಂಗಿತ್ತು?"

"ಹೆಂಗಿತ್ತು ಅಂದ್ರೆ? ಕಲ್ಲಿನಂಗಿತ್ತು." ಉಮಾಶಂಕರ ಅವನ ಮುಖವನ್ನೇ ಒಂದು ಗಳಿಗೆ ನೋಡಿದ, ಪಂಚೆಯ ಮೇಲಿನ ಕಾಫಿ ಕಲೆಯನ್ನೂ ನೋಡಿದ. "ಬಿಡಣ್ಣ. ನಿಂದೇನೂ ಇಲ್ಲ ಇದ್ರಲ್ಲಿ."

ಹೊರಗೆ ಬಂದು ಚಪ್ಪಲಿ ಮೆಟ್ಟುವಾಗ ಚಲಪತಿಗೆ ಸಮಾಧಾನವಾಗಬೇಕಿತ್ತು. ನಿದ್ದೆ ಹೋದವನಿಗೆ ಸುಣ್ಣವಿದ್ದರೇನು, ಇಲ್ಲದಿದ್ದರೇನು. ಆದರೆ ನಿಂದೇನೂ ಇಲ್ಲ ಎಂದು ಅವನು ಯಾಕೆ ಹೇಳಿದ, ತಾನು ಏನೂ ಕೇಳದೆ ಇದ್ದಾಗ? ತಾನು ಕಾಫಿ ಚೆಲ್ಲಿಕೊಂಡದ್ದನ್ನು ಕಂಡು, ಅವನ ಅವ್ವ ಕಾಫಿಗೆ ಸಕ್ಕರೆ ಹಾಕಿದ ಹಾಗೆ, ಇವನು ನಿದ್ದೆಯನ್ನು ಹಾಕಿ ಕೊಟ್ಟನೇ? ಅಂಥ ಹುಡುಗನೇ ಅವನು. ಅವ್ವನಿಗೆ ನಾಯಿ, ಚಲಪತಣ್ಣನಿಗೆ ನಿದ್ದೆ. ಯಾರ್ಯಾರಿಗೆ ಏನು ಬೇಕೋ ಅದು. ಇನ್ನು ನಿದ್ದೆಯೇ ನಿಜವೆಂದುಕೊಂಡರೂ, ನಿನ್ನೆ ಆ ಹಾಲಿನಲ್ಲಿ ತನಗೂ ಜೊಂಪು ಹತ್ತಿತ್ತಲ್ಲ. ಎಬ್ಬಿಸಿದ್ದು ಏನು? ಕಣ್ಣಿಗೆ ಬಡಿದ ಒಂದು ಬಿಳುಪು.

"ಇರು, ನಾನೂ ಬರ್ತೀನಿ," ಎಂದು ಅಕ್ಕಯಮ್ಮ ತಟ್ಟೆಯಲ್ಲಿ ಹಣತೆ, ಎಣ್ಣೆ, ಬತ್ತಿ ಇಟ್ಟುಕೊಂಡು ಹೊರಟಳು. "ಕಾರ್ತೀಕ ಅಲ್ವಾ. ಎಲ್ಲ ದೇವ್ರಿಗೂ ಹಚ್ತೀವಿ, ಇದಕ್ಕೊಂದು ಹಚ್ಚಿದ್ರೆ ಏನ್ ಕಳ್ಕೊಂತೀವಿ."

ಹೊತ್ತು ಮುಳುಗಿ, ಶಿವಗಂಗೆ ಬೆಟ್ಟ ಕೂತ ಬಸವನ ಹಾಗೆ ಕಪ್ಪಗೆ ಉಳಿದಿತ್ತು. ಇಬ್ಬರೂ ಹೊಸ ರಸ್ತೆಯಲ್ಲಿ ನಡೆದರು. ಅವಳು ತನ್ನ ಮೊಣಕಾಲಿನ ವಿಷಯ, ಕುರಿಗಳ ವಿಷಯ, ಮಗನಿಗೆ ನೋಡಿದ ಹೆಣ್ಣಿನ ಕಡೆಯವರು ಈ ಕೈ ನೋಡಿ ಏನನ್ನುತ್ತಾರೋ ಎನ್ನುವ ವಿಷಯ ಹೇಳುತ್ತ ಬಂದಳು. ಚಲಪತಿ ಹೂಂ ಎನ್ನುತ್ತಿದ್ದ. ಮೋರಿಯ ಹತ್ತಿರ ಅವಳು ಕೂತು, ಬಾಡಿದ ಹೂ ತೆಗೆದು, ಗಾಳಿಗೆ ಸೆರಗು ಮರೆ ಮಾಡಿ ಹಣತೆ ಹಚ್ಚಿದಳು. ಚಲಪತಿ ಮೋರಿಯ ಸಂದಿಗೆ ಕೈ ಹಾಕಿ ಸುಣ್ಣದ ಡಬ್ಬಿ, ಕುಂಚ ತೆಗೆದ. ಡಬ್ಬಿ ಹಿಡಿದುಕೊಂಡ ಮೇಲೆ ಬಾಯಿ ಬಂತು.

"ದೊಡ್ಡಮ್ಮ. ನಿನ್ನೆ ತೊಳ್ದ್ಯಲ್ಲ ಕಲ್ಲನ್ನ. ತೊಳೆಯೋವಾಗ ಅದ್ರ ಮೇಲೆ ಸುಣ್ಣ ಇತ್ತಾ?"

"ಸುಣ್ಣಾನಾ?" ಅಕ್ಕಯಮ್ಮ ಬತ್ತಿ ಸರಿಮಾಡುತ್ತ ಯೋಚಿಸಿದಳು. ಪಾಪ, ನಿಜವಾಗಿಯೇ ಯೋಚಿಸಿದಳು. "ಮೊದ್ಲು ಹಾಲು ಉಯ್ದೆ, ಆಮೇಲೆ ನೀರು. ಬೆಳ್ಳಗೇ ಹರೀತು. ಹಾಲೋ ಸುಣ್ಣಾನೋ, ಆ ಕತ್ತಲಲ್ಲಿ ಯಾರು ನೋಡವ್ರೆ?"

"ಸ್ವಲ್ಪ ಜ್ಞಾಪಿಸ್ಕೊ ದೊಡ್ಡಮ್ಮ. ಬಳ್ದಿರ್ಲಿಲ್ಲ ಅನ್ಸುತ್ತೆ ನಾನು. ಮೂರನೇದಕ್ಕೆ ಬಳೀದೆ ಹೋಗ್ಬಿಟ್ಟೆ ಅನ್ಸುತ್ತೆ."

ಹೇಳಿಯಾಗಿತ್ತು. ಅವನು ಕಾದ. ಅಕ್ಕಯಮ್ಮ ನೆಲಕ್ಕೆ ಕೈ ಊರಿ, ಅಮ್ಮಾ ಎಂದು ಎದ್ದಳು.

"ಅರಿಶಿನಾನೇ ಹಚ್ಚಿದ್ದೀನಲ್ಲೋ, ಇನ್ಯಾಕೋ ಸುಣ್ಣ," ಎಂದಳು. "ಹೋಗು, ಮನೇಗ್ ಹೋಗಿ ಮಲ್ಕೋ. ನಿದ್ದೆ ಇಲ್ದೆ ಏನೇನೋ ಮಾತಾಡ್ತಾ ಇದ್ದೀಯ."

ಅವಳ ಚಪ್ಪಲಿಯ ಸದ್ದು ಊರ ಕಡೆ ಸಣ್ಣದಾಗುತ್ತ ಹೋಯಿತು. ಚಲಪತಿ ಮೊದಲನೆಯ ಕಲ್ಲನ್ನು ಎತ್ತಿ ಎಡಮಗ್ಗುಲಿಗೆ ಬದಲಿಸಿ ಸುಣ್ಣ ಬಳಿದ. ಎರಡನೆಯದನ್ನೂ ಎತ್ತಿದ, ಬಳಿದ. ಪ್ರತಿಯೊಂದನ್ನೂ ಬಳಿದ ಮೇಲೆ ಬಳಿದೆ, ಬಳಿದೆ ಎಂದು ಬಾಯಿಬಿಟ್ಟು ಹೇಳಿಕೊಂಡ. ಮೂರನೆಯದರ ಮುಂದೆ ಬಂದು ಕುಕ್ಕರುಗಾಲಲ್ಲಿ ಕೂತ. ಎಡ ಮೊಣಕಾಲು ಚಳುಕು ಹೊಡೆಯಿತು.

ಹಣತೆಯ ಬೆಳಕಿನಲ್ಲಿ ಕಲ್ಲು ಹಗಲಿಗಿಂತ ದೊಡ್ಡದಾಗಿ ಕಾಣುತ್ತಿತ್ತು. ಎತ್ತಲು ಕೈ ಚಾಚಿದ, ಕೈ ಹೋಗಲಿಲ್ಲ. ಬಗ್ಗಿ ಮುಖ ಹತ್ತಿರ ತಂದಾಗ, ಕಲ್ಲಿನ ಬುಡದಲ್ಲಿ, ಅರಿಶಿನ ಮುಗಿದು ಗ್ರಾವಲ್ ಮುಟ್ಟುವ ಕಡೆ, ಒಂದು ಸಣ್ಣ ಕೆಂಪು ಗೆರೆ ಕಾಣಿಸಿತು. ಹಗಲಲ್ಲಿ ಇದನ್ನು ನೋಡಿರಲಿಲ್ಲ. ನೆತ್ತಿಯ ಕುಂಕುಮ ಮಂಜಿಗೆ ಕರಗಿ ಇಳಿದದ್ದೋ? ಇಲ್ಲಾ, ಅಕ್ಕಯಮ್ಮ ತೊಳೆದರೂ ಬುಡದಲ್ಲಿ ಉಳಿದುಕೊಂಡ ಸುಣ್ಣಕ್ಕೆ ಅವಳ ಅರಿಶಿನ ತಾಗಿ, ಓಕುಳಿಯ ಹಾಗೆ ಕೆಂಪಾದದ್ದೋ? ಸುಣ್ಣದ್ದಾದರೆ ಅವನು ಮೊನ್ನೆ ಬಳಿದಿದ್ದ. ಬೆರಳು ಮುಟ್ಟಿಸಿ ಮೂಸಿದ. ಮಣ್ಣಿನ ವಾಸನೆ, ಎಣ್ಣೆಯ ವಾಸನೆ. ಡಾಂಬರು ರಸ್ತೆಯ ಕಡೆಯಿಂದ ಒಂದು ಬೈಕು ತಿರುಗಿ ಊರಿನತ್ತ ಬರುತ್ತಿತ್ತು; ಅದರ ಬೆಳಕು ದಿಣ್ಣೆ ಹತ್ತಿತು, ಇಳಿಯಿತು. ಗಾಳಿಗೆ ಹಣತೆ ಓಲಾಡಿತು. ಇದು ಆರಿಹೋದರೆ ಈ ಕಲ್ಲು ಯಾರಿಗೂ ಕಾಣುವುದಿಲ್ಲ. ಚಲಪತಿ ಕುಂಚವನ್ನು ಡಬ್ಬಿಗೆ ಅದ್ದಿ, ಕಲ್ಲಿನ ನೆತ್ತಿಯಿಂದ ಬುಡದವರೆಗೂ, ಸುತ್ತಲೂ, ಆ ಗೆರೆಯ ಮೇಲೂ, ಸುಣ್ಣ ಎಳೆದುಬಿಟ್ಟ.

ಒಂದು ಕ್ಷಣ ಬೆಳ್ಳಗಿತ್ತು. ಆಮೇಲೆ ಕೆಳಗಿನ ಅರಿಶಿನ ಎದ್ದು ಬಂದು ಕಲ್ಲು ಪೂರ್ತಿ ಕೆಂಪಾಯಿತು, ಕೆಂಪು ಬುಡಕ್ಕೆ ಇಳಿದು ಗ್ರಾವಲ್‌ಗೆ ಹರಿಯಿತು, ಗೆರೆ ಎಲ್ಲಿತ್ತೆಂದು ತಿಳಿಯದ ಹಾಗೆ. ಬೈಕಿನ ಬೆಳಕು ಅವನ ಮೇಲೆ ಬಿತ್ತು. ಕುಂಚ ಹಿಡಿದ ಕೈ ಮಣಿಕಟ್ಟಿನವರೆಗೂ ಕೆಂಪಗಿತ್ತು. ಬೈಕಿನವನು ವೇಗ ಇಳಿಸಿ, ಹ್ಯಾಂಡಲಿನಿಂದ ಒಂದು ಕೈ ತೆಗೆದು ಹಣೆಗೆ ಮುಟ್ಟಿಸಿಕೊಂಡು, ಕಲ್ಲನ್ನೂ ಅವನನ್ನೂ ದೂರದಿಂದ ಸುತ್ತಿ, ಯಾರೂ ತುಳಿಯದ ಗ್ರಾವಲ್ ಮೇಲೆ ಚರಚರ ಎಂದು ಹೋದ. ಹೋದ ಗಾಳಿಗೆ ಹಣತೆ ಆರಿತು.